ಬಟ್ಲರ್ ಸಾಬರ ಮೂಗು

ನಾನು ಬಳ್ಳಾರಿ ದಂಡಿನಲ್ಲಿ ದುಭಾಷಿಯಾಗಿದ್ದಾಗ, ಬಿಳಿ ದೊರೆಗಳ ಊಟದ ಮನೆಗೆ ಸಿರುಗುಪ್ಪದ ಸಾಬರೊಬ್ಬರು ಬಟ್ಲರ್ ಆಗಿದ್ದರು. ಇಪ್ಪತ್ತು ವರ್ಷ ವೈನು ಬಗ್ಗಿಸಿದರೂ, ತಮ್ಮ ಧರ್ಮಕ್ಕೆ ಸಲ್ಲದೆಂದು ಒಂದು ಹನಿ ಬಾಯಿಗೆ ಹಾಕಿದವರಲ್ಲ. ಸೀಸೆಯ ಬಿರಡೆ ತೆಗೆದು ಮೂಗಿಗೆ ಹಿಡಿದು, "ತಡೀರಿ, ವೈನು ಇನ್ನೂ ಎದ್ದಿಲ್ಲ" ಅನ್ನುವುದು ಅವರ ರೂಢಿ.

ಒಂದು ಮಧ್ಯಾಹ್ನ ಕರ್ನಲ್ ದೊರೆ, ತೀರಿಹೋದ ತಂದೆ ಕೊಟ್ಟಿದ್ದ ಹಳೆಯ ಫ್ರೆಂಚ್ ಕೆಂಪು ವೈನು ತೆಗೆಸಿದರು. ಸಾಬರು ಇನ್ನೂ ಬಿರಡೆ ಮೂಸುತ್ತಿರುವಾಗಲೇ ತಡೆಯದೆ ಕುಡಿದರು; ಒಂದು ಗುಟುಕಿಗೇ ಅವರ ಮುಖ ಸಣ್ಣದಾಯಿತು. "ಈ ಊರಿನ ಬಿಸಿಲಿಗೆ ಕೆಟ್ಟಿದೆ. ಚೆಲ್ಲಲು ಹೇಳು" ಎಂದರು. ನಾನು ಹೇಳಿದೆ.

ಸಾಬರು ಸೀಸೆ ಮುಟ್ಟಲಿಲ್ಲ. "ಕೆಟ್ಟಿಲ್ರಿ. ಇದರಾಗ ಎರಡು ಜಾತಿ ದ್ರಾಕ್ಷಿ ಕೂಡ್ಯಾವ, ಒಂದು ಗಡುಸು, ಒಂದು ಮೆತ್ತಗ. ಅರ್ಧ ತಾಸು ಗಾಳಿಗೆ ಬಿಡ್ರಿ. ಸುಳ್ಳಾದ್ರ ನಾಳಿಂದ ನಾ ಕೆಲಸಕ್ಕ ಬರಾಂಗಿಲ್ಲ ಅಂತ ಹೇಳ್ರಿ."

ಅರ್ಧ ತಾಸಿನ ಮೇಲೆ ದೊರೆ ಮತ್ತೆ ಕುಡಿದರು. ಅವರ ಮುಖ ಅರಳಿತು. ಆಮೇಲೆ ನನಗೂ ಒಂದು ಗುಟುಕು ಕೊಟ್ಟರು. ಮೊದಲು ನಾಲಿಗೆ ಬಿಗಿಯಿತು. ಮರುಗಳಿಗೆಗೆ ಹಣ್ಣಾದ ನೇರಳೆಯಂತೆ ಮೆತ್ತಗೆ ಇಳಿದು, ಗಂಧದ ಪೆಟ್ಟಿಗೆ ತೆರೆದಂಥ ವಾಸನೆ ಉಳಿಸಿತು.

ದೊರೆ ಕುರ್ಚಿಯಿಂದ ಎದ್ದು ನಿಂತು ಸಾಬರಿಗೆ ಸಲಾಂ ಮಾಡಿದರು.

ಹೊರಗೆ ಬಂದ ಮೇಲೆ ಸಾಬರು ನಾಚುತ್ತ ಕೇಳಿದರು: "ರುಚಿ ಹೆಂಗಿತ್ರಿ?"

ನಾನು ಅವರ ಎರಡೂ ಕೈ ಹಿಡಿದುಕೊಂಡು ನಿಂತೆ.