ಇಂಡಿಯಾ ಟೀಮಿನ ಮ್ಯಾನೇಜರ್

ಹುದಿಕೇರಿಯಿಂದ ವಿರಾಜಪೇಟೆಗೆ ಹೋಗುವ ಬಸ್ಸಿನಲ್ಲಿದ್ದಾಗ ಗೆಳೆಯನ ಫೋನ್ ಬಂತು. ನಾವಿಬ್ಬರೂ ಆನ್‌ಲೈನಿನಲ್ಲಿ ಒಂದು ಹಾಕಿ ಗೇಮ್ ಆಡುತ್ತೇವೆ. ಅದರಲ್ಲಿ ಭಾರತದ ಜೂನಿಯರ್ ತಂಡಕ್ಕೆ ನಾನೇ ಮ್ಯಾನೇಜರ್. "ಜೂನಿಯರ್ ಇಂಡಿಯಾಗೆ ಬೇರೆ ಗೋಲ್‌ಕೀಪರ್ ಹಾಕ್ತೀನಿ" ಎಂದು ಜೋರಾಗಿಯೇ ಹೇಳಿದೆ.

ಫೋನಿಟ್ಟ ಮೇಲೆ ಪಕ್ಕದ ಸೀಟಿನ ಹೆಂಗಸು, "ಸರ್, ನೀವು ಇಂಡಿಯಾ ಟೀಮಿನವರಾ?" ಎಂದರು.

"ಮ್ಯಾನೇಜರ್" ಎಂದುಬಿಟ್ಟೆ.

"ನನ್ನ ಮಗಳೂ ಗೋಲ್‌ಕೀಪರ್. ಒಂದ್ಸಲ ಅವಳ ಆಟ ನೋಡಿ ಸರ್" ಎಂದು ಚೀಟಿಯಲ್ಲಿ ಹೆಸರು ಬರೆದು ಕೈಗಿಟ್ಟರು.

ಗೋಣಿಕೊಪ್ಪ ದಾಟುವವರೆಗೂ ಅದನ್ನು ಹಿಡಿದುಕೊಂಡೇ ಕೂತಿದ್ದೆ. ಕೊನೆಗೆ ತಲೆ ತಗ್ಗಿಸಿ, "ಅದು ಬರೀ ಮೊಬೈಲ್ ಗೇಮ್, ಅಕ್ಕ" ಎಂದೆ.

ಅವರು ಬೈಯಲಿಲ್ಲ. "ಅದರಲ್ಲಾದ್ರೂ ಅವಳ ಹೆಸರು ಸೇರಿಸಿ" ಎಂದರು.

ಆ ಗೇಮಿನಲ್ಲಿ ಆಟಗಾರರ ಹೆಸರನ್ನು ಕಂಪ್ಯೂಟರೇ ಇಡುತ್ತದೆ, ಮ್ಯಾನೇಜರಿಗೆ ಅಷ್ಟೂ ಅಧಿಕಾರವಿಲ್ಲ. ಅದನ್ನು ಹೇಳಲು ಬಾಯಿ ಬರದೆ, "ಆಗಲಿ ಅಕ್ಕ" ಎಂದು ಇನ್ನೊಂದು ಸುಳ್ಳು ಹೇಳಿ ಇಳಿದುಬಿಟ್ಟೆ.