ಬಳೆ ತೊಡಿಸುವ ದಿನ ತಪ್ಪಿದ ಪದರ

ಏಳನೇ ತಿಂಗಳಲ್ಲಿ ನಾನು ಸಂತೆಬಾಚಹಳ್ಳಿಯ ತವರಿನಲ್ಲಿದ್ದೆ. ನನ್ನ ಕೆಲಸ ಮಾತ್ರ ದೂರದ ಮರಳುಗಾಡಿನ ನೆಲದಡಿಯಲ್ಲಿತ್ತು. ಎಣ್ಣೆಬಾವಿಯನ್ನು ಮೊದಲು ನೇರ ಕೆಳಕ್ಕೆ ಕೊರೆದು, ಆಮೇಲೆ ಮೆಲ್ಲಗೆ ಬಾಗಿಸಿ, ಅಡ್ಡಕ್ಕೆ ಒಂದೆರಡು ಕಿಲೋಮೀಟರ್ ಓಡಿಸುತ್ತಾರೆ. ಎಣ್ಣೆ ಇರುವ ಮರಳುಕಲ್ಲಿನ ಪದರ ಕೆಲವೆಡೆ ಎರಡಾಳು ಎತ್ತರವೂ ಇರುವುದಿಲ್ಲ. ಕೊರೆಯುವ ಮೂತಿ ಆ ಪದರದೊಳಗೇ ಉಳಿಯುವಂತೆ, ಈಗ ಅರ್ಧ ಡಿಗ್ರಿ ಮೇಲಕ್ಕೆ, ಈಗ ಒಂದು ಡಿಗ್ರಿ ಕೆಳಕ್ಕೆ ಎಂದು ಹೇಳುವವಳು ನಾನು. ಅಪ್ಪ ಬಾಗಿಲು ಕಿಟಕಿ ಮಾಡುವ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹೇಳುತ್ತಿದ್ದೆ.

ಕಲ್ಲಿನ ಗುಣ ಅಳೆಯುವ ಸಾಧನ ಮೂತಿಗಿಂತ ಹದಿನೈದು ಮೀಟರ್ ಹಿಂದಿರುತ್ತದೆ. ಮೂತಿ ಯಾವ ಕಲ್ಲಿನಲ್ಲಿತ್ತು ಎಂಬುದು ಗೊತ್ತಾಗುವುದು ಅದು ದಾಟಿಹೋದ ಮೇಲೆಯೇ. ಆ ಹದಿನೈದು ಮೀಟರು ನನ್ನನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ.

ಸೀಮಂತಕ್ಕೆಂದು ರಜೆ ಹಾಕಿದ್ದೆ. ಅವತ್ತೇ ಬೆಳಿಗ್ಗೆ, ನನ್ನ ಬದಲಿಗೆ ಕೂರಬೇಕಿದ್ದ ಸಹೋದ್ಯೋಗಿಗೆ ಜ್ವರ ಬಂತು. ಪಡಸಾಲೆಯಲ್ಲಿ ನಾಗಮಂಗಲದ ಗಂಡನ ಮನೆಯಿಂದ ಬಂದ ಅತ್ತೆ, ನೆಂಟರು, ಹಸಿರು ಗಾಜಿನ ಬಳೆಯ ಮಲಾರ ಬಿಚ್ಚಿ ಕೂತ ಬಳೆಗಾರರು. ಕೋಣೆಯ ಪರದೆಯಲ್ಲಿ ಓಡುತ್ತಿರುವ ಬಾವಿ.

"ಅದ್ನ ಮುಚ್ಚು ಮಗ. ನೀನು ನೋಡ್ಲಿಲ್ಲ ಅಂದ್ರೆ ಭೂಮಿ ಎಲ್ಲೂ ಓಗಕಿಲ್ಲ," ಎಂದಳು ಅವ್ವ.

ಬಲಗೈಗೆ ಬಳೆ ಏರಿಸಿ ಮುಗಿಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ಮಣೆಯಿಂದ ಎದ್ದು ಕೋಣೆಗೆ ಹೋದೆ. ಪರದೆಯ ಮೇಲೆ ಕಲ್ಲಿನ ಗುಣ ತೋರಿಸುವ ಗೆರೆ ಸರ್ರನೆ ಏರಿತ್ತು. ಅಂದರೆ ಮೂತಿ ಮರಳುಕಲ್ಲು ಬಿಟ್ಟು ಜೇಡಿಕಲ್ಲಿಗೆ ನುಗ್ಗಿತ್ತು. ಜೇಡಿಕಲ್ಲು ಪದರದ ಮೇಲೂ ಇತ್ತು, ಕೆಳಗೂ ಇತ್ತು. ಯಾವ ಕಡೆಯಿಂದ ಹೊರಬಿದ್ದಿದ್ದೇವೆ? ಬಾವಿಯ ಬಳಿಯಿದ್ದ ಮೇಲಧಿಕಾರಿ ಆಗಲೇ ಫೋನಿನಲ್ಲಿ ಹಿಂದಿಯಲ್ಲಿ ಅವಸರಿಸುತ್ತಿದ್ದರು. ಹೊರಗೆ ಅವ್ವ ಕೂಗುತ್ತಿದ್ದಳು. "ಕೆಳಕ್ಕೆ ತಿರುಗಿಸಿ," ಎಂದುಬಿಟ್ಟೆ. ಖಾತ್ರಿ ಇರಲಿಲ್ಲ.

ವಾಪಸು ಬಂದು ಎಡಗೈ ಚಾಚಿದೆ.

"ಕೈ ಸಡಿಲ ಬುಡವ್ವ. ಇಂಗ್ ಬಿಗಿ ಇಡ್ಕಂಡ್ರೆ ಎಂಗ್ ಏರ್ತದೆ?" ಎಂದರು ಬಳೆಗಾರರು. ನನಗೆ ಆಗಲಿಲ್ಲ. ಮೊದಲನೆಯ ಬಳೆಯೇ ಚಟ್ಟನೆ ಒಡೆದು ಗೆಣ್ಣಿನ ಬಳಿ ರಕ್ತ ಜಿನುಗಿತು. ಅವ್ವನ ಮುಖ ಕಪ್ಪಿಟ್ಟಿತು. ಅತ್ತೆ ಮಾತ್ರ ಸೆರಗಿನ ತುದಿಯಿಂದ ಗಾಯ ಒತ್ತಿಹಿಡಿದು ಕೇಳಿದರು:

"ಒಳಗೆ ಏನಾಯ್ತವ್ವ?"

"ದಾರಿ ತಪ್ಪಿದೆ ಅತ್ತೆ. ಮೇಲಕ್ಕೋ ಕೆಳಕ್ಕೋ ಗೊತ್ತಾಗ್ತಿಲ್ಲ. ಕೆಳಕ್ಕೆ ಅಂತ ಏಳ್ಬುಟ್ಟೆ."

"ಗೊತ್ತಾಗ್ದಿದ್ರೆ ನಿಲ್ಸು ಅನ್ಬಾರ್ದಾ?"

"ಬೈತಾರೆ."

"ಬೈಲಿ. ಓಗು, ಮುಗುಸ್ಕಂಡ್ ಬಾ. ನಾವೇನ್ ಓಡೋಗಕಿಲ್ಲ."

ನಿಲ್ಲಿಸಬೇಕೆಂಬುದು ನನಗೂ ಗೊತ್ತಿತ್ತು, ಹೇಳಲು ಬಾಯಿ ಬಂದಿರಲಿಲ್ಲ ಅಷ್ಟೆ. ಒಳಗೆ ಹೋಗಿ, ಕೊರೆಯುವುದನ್ನು ನಿಲ್ಲಿಸಿ, ತಳದ ಕಲ್ಲಿನ ಪುಡಿ ಮೇಲೆ ಬರುವತನಕ ಕಾಯಿರಿ ಎಂದೆ. ಮೇಲಧಿಕಾರಿ ರೇಗಿದರು. ಬಾವಿಗೆ ಹರಿಸುವ ಕೆಸರುನೀರಿನ ಜೊತೆ ಪುಡಿ ಮೇಲೇರಲು ಒಂದೂವರೆ ಗಂಟೆ. ನಾನು ಒಂದು ಕೈಯಲ್ಲಿ ಬಳೆ, ಇನ್ನೊಂದು ಬೋಳುಗೈ ಇಟ್ಟುಕೊಂಡು ಗೋಡೆಯಿಂದ ಗೋಡೆಗೆ ನಡೆದೆ. ಅವ್ವ ತಂದಿಟ್ಟ ಚಿತ್ರಾನ್ನ ಎರಡು ತುತ್ತು ತಿಂದು ಬಿಟ್ಟೆ. ಹೊಟ್ಟೆಯೊಳಗಿನ ಮಗು ಒಂದೇ ಸಮನೆ ಒದೆಯುತ್ತಿತ್ತು. ಅಪ್ಪ ಬಾಗಿಲಲ್ಲಿ ಇಣುಕಿ, ಉಳಿ ಹಿಡಿದುಕೊಂಡೇ ಹೋದರು.

ಕಡೆಗೆ ಪುಡಿಯ ಫೋಟೋ ಬಂತು. ಮೇಲಿನ ಜೇಡಿಕಲ್ಲು ಕೆಂಪು, ಕೆಳಗಿನದು ಹಸಿರು ಬೆರೆತ ಬೂದು. ಫೋಟೋದಲ್ಲಿದ್ದದ್ದು ಬೂದು. ನಾವು ತಳ ಒಡೆದು ಕೆಳಗಿಳಿದಿದ್ದೆವು, ನಾನು ಇನ್ನೂ ಕೆಳಗೆ ಕಳಿಸಿದ್ದೆ.

"ನಾನು ತಪ್ಪು ಹೇಳಿದೆ. ಮೇಲಕ್ಕೆ ತಿರುಗಿಸಬೇಕು," ಎಂದೆ. ಮೇಲಧಿಕಾರಿ, ಎಷ್ಟು ಡಿಗ್ರಿ ಎಂದಷ್ಟೇ ಕೇಳಿದರು. ಹೇಳಿದೆ.

ಅಷ್ಟು ಉದ್ದದ ಉಕ್ಕಿನ ಕೊಳವೆ ಒಮ್ಮೆಲೇ ಬಾಗುವುದಿಲ್ಲ. ಎಡಗೈಗೆ ಬಳೆ ತೊಟ್ಟು, ಮಡಿಲು ತುಂಬಿಸಿಕೊಂಡು, ಆರತಿ ಮಾಡಿಸಿಕೊಳ್ಳುವಾಗಲೂ ಫೋನು ತೊಡೆಯ ಕೆಳಗಿತ್ತು. ಹೆಂಗಸರು ಹಾಡುತ್ತಿದ್ದರು. ನಾನು ಮನಸ್ಸಿನಲ್ಲೇ ಮೀಟರು ಎಣಿಸುತ್ತಿದ್ದೆ. ಅತ್ತೆ ಸಂಜೆ ಬಸ್ಸಿಗೆ ಹೊರಡುವ ಹೊತ್ತಿಗೆ ಗೆರೆ ಇಳಿಯತೊಡಗಿತು. ಮರಳುಕಲ್ಲು ಮತ್ತೆ ಸಿಕ್ಕಿತ್ತು.

"ಸರೋಯ್ತಾ?" ಎಂದು ಅತ್ತೆ ಕೇಳಿದರು.

"ಸರೋಯ್ತು ಅತ್ತೆ. ಆದ್ರೆ ತಪ್ಪು ನಂದೇ."

"ನಂದೇ ಅಂತ ಅವ್ರಿಗೂ ಏಳ್ದ್ಯಾ?"

"ಏಳ್ದೆ."

ಅತ್ತೆ ತಲೆಯಾಡಿಸಿ ಬಸ್ ಹತ್ತಿದರು. ಆ ದಿನದ ವರದಿಯಲ್ಲಿ, ತಪ್ಪು ತೀರ್ಮಾನ ನನ್ನದು ಎಂದು ನಾನೇ ಬರೆದೆ. ಯಾರೂ ಏನೂ ಅನ್ನಲಿಲ್ಲ. ಹೆರಿಗೆಗೆ ಮೊದಲು ಇನ್ನೊಂದು ಬಾವಿ ಮುಗಿಸಿದೆ. ಅದರಲ್ಲಿ ಎರಡು ಸಲ ನಿಲ್ಲಿಸಲು ಹೇಳಿದೆ, ಎರಡು ಸಲವೂ ಬೈಸಿಕೊಂಡೆ.