ಗಾಯರಾಣದಲ್ಲಿ ಮುಳ್ಳು ಹಾಕಿದವರು

ಯಾರನ್ನಾದರೂ ನಂಬುವ ಮೊದಲು ಎರಡು ಸಲ ಅನುಮಾನಿಸುವುದು ನನ್ನ ಹುಟ್ಟುಗುಣವೋ, ನೌಕರಿಯಿಂದ ಅಂಟಿಕೊಂಡದ್ದೋ ಹೇಳಲಾರೆ. ಶಹಾಪುರದ ಒಂದು ಸರಕಾರಿ ಕಚೇರಿಯಲ್ಲಿ ನಾನು ಗುಮಾಸ್ತ. ಜನ ತಂದುಕೊಡುವ ಕಾಗದಗಳನ್ನು ಬೆಳಕಿಗೆ ಹಿಡಿದು, ಸಹಿ ಖರೆಯದೋ ಖೊಟ್ಟಿಯದೋ ಎಂದು ನೋಡುವುದೇ ಇಪ್ಪತ್ತು ವರ್ಷದ ಕೆಲಸ. ಹಾಲಿನವನು ಅರ್ಧ ತಾಸು ಬೇಗ ಬಂದರೂ ಯಾಕೆ ಬಂದ ಎಂದು ಯೋಚಿಸುತ್ತೇನೆ. "ನಿಮ್ಮ ನೆರಳಿನ ಮ್ಯಾಲೂ ನಿಮಗ ನಂಬಿಕಿ ಇಲ್ಲ ನೋಡ್ರಿ" ಎಂದು ಹೆಂಡತಿ ಆಡಿಕೊಳ್ಳುತ್ತಾಳೆ.

ಇಂಥ ನನಗೆ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ರಿಮೋಟ್ ಹೆಲಿಕಾಪ್ಟರ್ ಹಾರಿಸುವ ಹುಚ್ಚು ಹಿಡಿಯಿತು. ಮೊಬೈಲಿನಲ್ಲಿ ಯಾರೋ ಹಾರಿಸುವುದನ್ನು ನೋಡಿ ಶುರುವಾದದ್ದು. ನನಗೆ ಈಜು ಬರುವುದಿಲ್ಲ, ಕಾರು ಓಡಿಸಲು ಬರುವುದಿಲ್ಲ, ಹಾರ್ಮೋನಿಯಂ ಮೂರೇ ತಿಂಗಳಿಗೆ ಬಿಟ್ಟವನು. ಇದೊಂದನ್ನಾದರೂ ಪೂರ್ತಿ ಕಲಿಯಬೇಕೆಂದು ಹಟ ಬಂತು. ಯಾದಗಿರಿಯ ಕೊರಿಯರ್ ಅಂಗಡಿಗೆ ಡಬ್ಬಿ ಬಂದಾಗ ಅಂಗಡಿಯವನು ಅದನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ, "ಒಳಗ ಏನದ್ರಿ?" ಎಂದ. ಹೆಲಿಕಾಪ್ಟರ್ ಎಂದೆ. ಅವನು ನಂಬಲಿಲ್ಲ. ನಾನೂ ಅವನನ್ನು ನಂಬಲಿಲ್ಲ, ಅಂಟಿನ ಪಟ್ಟಿ ಒಮ್ಮೆ ಬಿಚ್ಚಿ ಹಚ್ಚಿದಂತೆ ಕಂಡಿತ್ತು. ಅಲ್ಲೇ ಒಡೆದು ಒಂದೊಂದು ಸಾಮಾನು ತೆಗೆದು ನೋಡಿದ ಮೇಲೆಯೇ ಬಸ್ಸು ಹತ್ತಿದೆ.

ಕಲಿಸುವವರು ಸುತ್ತಮುತ್ತ ಯಾರೂ ಇರಲಿಲ್ಲ. ವಿಡಿಯೋ ನೋಡುವುದು, ಹಾರಿಸುವುದು, ಮುರಿಯುವುದು, ಅಂಟಿಸುವುದು. ಹೆಲಿಕಾಪ್ಟರ್ ಬಾಲ ನಮ್ಮ ಕಡೆ ಇದ್ದಾಗ ಏನೂ ಕಷ್ಟವಿಲ್ಲ, ರಿಮೋಟಿನ ಕಡ್ಡಿಯನ್ನು ಎಡಕ್ಕೆ ತಳ್ಳಿದರೆ ಅದು ಎಡಕ್ಕೆ ವಾಲುತ್ತದೆ. ಮೂತಿ ನಮ್ಮ ಕಡೆ ತಿರುಗಿತೋ, ಎಲ್ಲ ಉಲ್ಟಾ. ಎಡಕ್ಕೆ ತಳ್ಳಿದರೆ ನಮ್ಮ ಬಲಕ್ಕೆ ಹೋಗುತ್ತದೆ. ಗಾಬರಿಯಾಗಿ ಇನ್ನಷ್ಟು ತಳ್ಳುತ್ತೇವೆ, ನೆಲಕ್ಕೆ ಬಡಿಯುತ್ತದೆ. ಮೂತಿ ನನ್ನ ಕಡೆ ಮಾಡಿ ಅದನ್ನು ಗಾಳಿಯಲ್ಲಿ ಅಲುಗದೆ ನಿಲ್ಲಿಸುವುದು, ಅಷ್ಟೇ ನನಗೆ ಬೇಕಾಗಿದ್ದದ್ದು. ಅದಾದರೆ ಕಲಿತಂತೆ ಎಂದು ನನಗೆ ನಾನೇ ಗೆರೆ ಎಳೆದುಕೊಂಡಿದ್ದೆ.

ಶಹಾಪುರದಲ್ಲಿ ಹಾರಿಸಲು ಜಾಗವಿರಲಿಲ್ಲ. ಶಾಲೆಯ ಬಯಲಿನಲ್ಲಿ ಕ್ರಿಕೆಟ್ಟು, ಗುಡ್ಡದ ಬುಡದಲ್ಲಿ ಸುತ್ತುಗಾಳಿ. ಹುಡುಕುತ್ತ ಹುಡುಕುತ್ತ ಸುರಪುರದ ದಾರಿಯಲ್ಲಿ ಒಂದು ಹಳ್ಳಿಯ ಗಾಯರಾಣ ಸಿಕ್ಕಿತು. ಊರಿನ ದನ ಮೇಯುವ ಬಯಲು. ಸುತ್ತ ಜಾಲಿ ಪೊದೆ, ನಡುವೆ ಯಾರೂ ಬಳಸದ ಹಳೆಯ ಕಣ, ನೆಲ ಸಿಮೆಂಟಿನಷ್ಟು ಗಟ್ಟಿ. ಬಿಸಿಲೇರಿದರೆ ಗಾಳಿ ಏಳುತ್ತದೆ. ಬೆಳಕು ಹರಿಯುವಾಗಿನ ಒಂದು ತಾಸು ಮಾತ್ರ ಎಲೆಯೂ ಅಲುಗುವುದಿಲ್ಲ. ಹೀಗಾಗಿ ಪ್ರತಿ ಭಾನುವಾರ ಕತ್ತಲಿರುವಾಗಲೇ ಬೈಕು ಹತ್ತಿ, ಮಬ್ಬು ಬೆಳಕಿನಲ್ಲಿ ಕಣ ಸೇರುತ್ತಿದ್ದೆ.

ಮೊದಲ ವಾರಗಳಲ್ಲಿ ನನಗೊಂದು ಖುಷಿಯಿತ್ತು, ಇಂದು ಹೇಳಲು ನಾಚಿಕೆಯಾಗುತ್ತದೆ. ಹೆಲಿಕಾಪ್ಟರ್ ಗುಂಯ್ ಎಂದು ಮೇಲೇಳುತ್ತಿದ್ದಂತೆ, ದೂರದ ಪೊದೆಗಳ ಹತ್ತಿರ ಅಲ್ಲೊಬ್ಬರು ಇಲ್ಲೊಬ್ಬರು ಹೆಂಗಸರು ಎದ್ದು ನಿಲ್ಲುತ್ತಿದ್ದರು. ನಾನು ಇಳಿಸುವವರೆಗೆ ಹಾಗೇ ನಿಂತಿರುತ್ತಿದ್ದರು. ನನ್ನ ಕೈಚಳಕ ನೋಡಲು ನಿಂತಿದ್ದಾರೆಂದು ಎದೆ ಉಬ್ಬಿತು. ಅವರಿಗೆ ಕಾಣಲಿ ಎಂದು ಸ್ವಲ್ಪ ಆ ಕಡೆಗೇ ಹಾರಿಸಿದ್ದೂ ಉಂಟು.

ಐದನೆಯ ಭಾನುವಾರ ಕಣದ ತುಂಬ ಜಾಲಿಮುಳ್ಳಿನ ಕೊಂಬೆಗಳು ಬಿದ್ದಿದ್ದವು. ಗಾಳಿಗೆ ಬಂದವಲ್ಲ, ಒಂದರ ಮೇಲೊಂದು ಜೋಡಿಸಿಟ್ಟಿದ್ದವು. ಎಳೆದು ಬಿಸಾಕಿ ಹಾರಿಸಿದೆ. ಮುಂದಿನ ವಾರ ಇನ್ನೂ ದೊಡ್ಡ ಕೊಂಬೆಗಳು. ನನ್ನ ಪಿತ್ತ ನೆತ್ತಿಗೇರಿತು. ಯಾರದೋ ಹೊಟ್ಟೆಕಿಚ್ಚು, ಅನುಮಾನವೇ ಇಲ್ಲ. ಯಾರದು ಎಂಬುದಷ್ಟೇ ತಿಳಿಯಬೇಕಿತ್ತು.

ನನ್ನ ಕಣ್ಣು ಬಿದ್ದದ್ದು ಅಲ್ಲಿ ಕುರಿ ಕಾಯುವ ಒಬ್ಬ ಮುದುಕನ ಮೇಲೆ. ಅವನ ಹೆಗಲ ಮೇಲೆ ಸದಾ ಕೊಡಲಿ ಇರುತ್ತಿತ್ತು. ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದ. ಇದಕ್ಕಿಂತ ಸಾಕ್ಷಿ ಬೇಕೆ? ಅವನನ್ನು ತಡೆದು ನಿಲ್ಲಿಸಿದೆ.

"ಕಾಕಾ, ಮುಳ್ಳು ಹಾಕಾಕತ್ತವರು ನೀವೇ ಅಲ್ಲೇನು?"

"ನಾ ಯಾಕ ಹಾಕ್ಲಿರಿ ಸಾಹೇಬ್ರ? ನನ್ನ ಕುರಿ ಕಾಲಿಗೂ ಚುಚ್ತಾವ."

"ಮತ್ತ ಯಾರು?"

ಅವನು ನೆಲ ನೋಡಿದ. "ಯಾರ ಹಾಕ್ಯಾರ ನನಗ ಗೊತ್ತದ. ಆದ್ರ ಅದು ಗಂಡಸ್ರು ಆಡೋ ಮಾತಲ್ರಿ. ನೀವು ಬಿಸಿಲು ಬಿದ್ದ ಮ್ಯಾಲ ಬರ್ರಿ, ಯಾರೂ ಹಾಕಾಂಗಿಲ್ಲ."

ಕಳ್ಳನ ಮಾತು ಎಂದೇ ತಿಳಿದೆ. ಪೊಲೀಸರಿಗೆ ಹೇಳುತ್ತೇನೆ, ಕುರಿ ಬಯಲಿಗೆ ಕಾಲಿಡದಂತೆ ಮಾಡುತ್ತೇನೆ ಎಂದು ಬಾಯಿಗೆ ಬಂದದ್ದು ಬೈದೆ. ಅವನು ಮರುಮಾತಾಡದೆ ಕುರಿ ಹೊಡೆದುಕೊಂಡು ಹೋದ. ಆ ಮೌನವೂ ನನಗೆ ತಪ್ಪೊಪ್ಪಿಗೆಯಂತೆ ಕಂಡಿತು.

ಕೈಯಾರೆ ಹಿಡಿಯಬೇಕೆಂದು ಮರು ಭಾನುವಾರ ಇನ್ನಷ್ಟು ಮೊದಲೇ ಹೋದೆ. ಬೈಕನ್ನು ದೂರದಲ್ಲೇ ನಿಲ್ಲಿಸಿ, ಹೆಲಿಕಾಪ್ಟರ್ ಡಬ್ಬಿ ಬಗಲಲ್ಲಿಟ್ಟುಕೊಂಡು ಸದ್ದಿಲ್ಲದೆ ನಡೆದೆ. ಕಣದ ಮೇಲೆ ನೆರಳುಗಳು ಓಡಾಡುತ್ತಿದ್ದವು. ಕೊಂಬೆ ಎಳೆಯುವ ಸದ್ದು. ಸಿಕ್ಕರಲ್ಲ ಎಂದು ಮೊಬೈಲಿನ ಬ್ಯಾಟರಿ ದೀಪ ಹಚ್ಚಿ ನೇರ ಮುಖಕ್ಕೆ ಬಿಟ್ಟೆ.

ಆರೇಳು ಜನ ಹೆಂಗಸರು. ಇಬ್ಬರ ಕೈಯಲ್ಲಿ ಮುಳ್ಳಿನ ಕೊಂಬೆ. ಉಳಿದವರ ಕೈಯಲ್ಲಿ ಚೊಂಬು, ನೀರಿನ ಬಾಟಲಿ. ಪೊದೆಯ ಮರೆಯಲ್ಲಿ ಇನ್ನಾರೋ ಚೀರಿ, ಸೀರೆ ಸರಿಮಾಡಿಕೊಳ್ಳುತ್ತ ಎದ್ದು ನಿಂತರು.

"ಬ್ಯಾಟ್ರಿ ಆರಸು!" ಎಂದು ಒಬ್ಬ ಮುದುಕಿ ಕೂಗಿದಳು. ನನ್ನ ಬೆರಳಿಗೆ ಅದನ್ನು ಆರಿಸುವುದೂ ತಿಳಿಯಲಿಲ್ಲ. ಮೊಬೈಲನ್ನು ಎದೆಗೆ ಅವುಚಿಕೊಂಡು ಬೆಳಕು ಮುಚ್ಚಿದೆ.

ಮುದುಕಿ ನನ್ನ ಹತ್ತಿರ ಬಂದಳು. "ಹಾರಸಿ ನೋಡೋದು ಸಾಲಲಿಲ್ಲೇನು, ಈಗ ಬ್ಯಾಟ್ರಿನೂ ತಂದಿ?"

"ಯವ್ವಾ, ಖರೇನೇ ನಾ ಏನೂ ನೋಡಿಲ್ರಿ. ಇದು ಬರೇ ಆಟದ ಸಾಮಾನು."

"ಕೆಂಪು ಕಣ್ಣು ಮಿಣಿಮಿಣಿ ಅಂತದಲ್ಲ, ಅದೇನು? ಎರಡು ತಿಂಗಳಾತು, ನೀ ಬಂದ ದಿನ ನಮಗ ಕುಂದ್ರಾಕ ಜಾಗ ಇಲ್ಲ. ಬಸುರಿ ಹುಡುಗಿ ಒಬ್ಬಾಕಿ ಅದಾಳ, ನೀ ಹೋಗೂತನ ಹೊಟ್ಟಿ ಹಿಡಕೊಂಡು ನಿಲ್ತಾಳ."

ಮಬ್ಬು ಬೆಳಕು ಹರಿಯತೊಡಗಿತ್ತು. ಅಲ್ಲೇ ಕುಳಿತು ಡಬ್ಬಿ ತೆರೆದೆ. ಹೆಲಿಕಾಪ್ಟರಿನ ಮೂತಿಯ ಹೊದಿಕೆ ಕಳಚಿ, ಬ್ಯಾಟರಿ, ಮೋಟಾರು, ವೈರು ಎಲ್ಲ ತೋರಿಸಿದೆ. ಕೆಂಪಗೆ ಮಿನುಗುವುದು ಅದು ಓಲಾಡದಂತೆ ಹಿಡಿಯುವ ಸಣ್ಣ ಯಂತ್ರದ ದೀಪ, ಕ್ಯಾಮರಾ ಅಲ್ಲವೇ ಅಲ್ಲ ಎಂದು ಆಣೆ ಮಾಡಿದೆ. ಮುದುಕಿ ಬಗ್ಗಿ, ಬೆರಳು ಹಾಕಿ ಮುಟ್ಟಿ ನೋಡಿದಳು. ನಾನು ಜನರ ಕಾಗದ ನೋಡುವಾಗಿನ ಮುಖವೇ ಅದು.

"ಇವತ್ತಿಲ್ಲ" ಎಂದಳು. "ಹ್ವಾದ ವಾರ ಇತ್ತೋ ಇಲ್ಲೋ, ಯಾರಿಗೆ ಗೊತ್ತು?"

ಕಚೇರಿಯಲ್ಲಿ ಎಷ್ಟೋ ಜನರ ಮುಂದೆ ಇದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ನಾನೇ ಹೇಳಿದ್ದೆ. ಇನ್ನು ಮುಂದೆ ಬಿಸಿಲು ಬಿದ್ದ ಮೇಲೆಯೇ ಬರುತ್ತೇನೆ ಎಂದು ಹೇಳಿ, ಯಾರ ಮುಖವನ್ನೂ ನೋಡದೆ ಹೊರಟೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಆಡಿಕೊಳ್ಳಲಿಲ್ಲ. "ನಿಮ್ಮವ್ವನೂ ಚೊಂಬು ಹಿಡಕೊಂಡೇ ಹೋಗ್ತಿದ್ರಲ್ರೀ" ಎಂದಳು. ಹೌದು. ನಾನು ಹುಟ್ಟಿದ ಊರಲ್ಲೂ ಅದೇ. ಅವ್ವ ಮತ್ತು ಅಕ್ಕಂದಿರು ಕತ್ತಲಲ್ಲೇ ಹೋಗಿ ಬರುತ್ತಿದ್ದರು. ದಾರಿಯಲ್ಲಿ ಗಾಡಿ ಬಂದರೆ ಎದ್ದು ನಿಲ್ಲುತ್ತಿದ್ದರು. ಆ ಹೊತ್ತಿಗೆ ಆ ಕಡೆ ತಲೆ ತಿರುಗಿಸಬಾರದೆಂಬುದು ಎಂಟು ವರ್ಷದವನಿದ್ದಾಗಲೇ ನನಗೆ ಗೊತ್ತಿತ್ತು. ಹಾಲಿನವನನ್ನೂ ಬಿಡದೆ ಅನುಮಾನಿಸುವ ನಾನು, ಹೆಂಗಸರು ನನ್ನ ಆಟ ನೋಡಲು ನಿಂತಿದ್ದಾರೆ ಎಂಬುದೊಂದನ್ನು ಮಾತ್ರ ಕಣ್ಣುಮುಚ್ಚಿ ನಂಬಿದ್ದೆ. ಗಾಯರಾಣದ ಆ ಊರಿನ ಮನೆಮನೆಗೂ ಶೌಚಾಲಯವಿದೆ ಎಂಬ ಪಟ್ಟಿ ಒಮ್ಮೆ ನನ್ನ ಮೇಜಿಗೂ ಬಂದಿತ್ತು. ಗೋಡೆಗಳು ಇರುವುದು ನಿಜ. ನೀರಿಲ್ಲದ್ದಕ್ಕೆ ಒಳಗೆ ಒಲೆಯ ಕುಳ್ಳು, ಕಟ್ಟಿಗೆ ಒಟ್ಟಿದ್ದಾರೆ. ಆ ಕಾಗದವನ್ನು ನಾನು ಬೆಳಕಿಗೆ ಹಿಡಿದಿರಲಿಲ್ಲ.

ಮರು ವಾರ ಒಂಬತ್ತಕ್ಕೆ ಹೋದೆ. ಕಣದ ಮೇಲೆ ಮುಳ್ಳಿರಲಿಲ್ಲ, ಗುಡಿಸಿದಂತಿತ್ತು. ಕುರಿ ಕಾಯುವ ಮುದುಕ ಸಿಕ್ಕ. ತಪ್ಪಾಯಿತು ಕಾಕಾ ಎಂದೆ. "ಇರ್ಲಿ ಬಿಡ್ರಿ" ಎಂದನೇ ಹೊರತು ನಾನು ಕೊಟ್ಟ ಬೀಡಿ ತೆಗೆದುಕೊಳ್ಳಲಿಲ್ಲ.

ಬಿಸಿಲಿನ ಗಾಳಿಯಲ್ಲಿ ಕಲಿಯುವುದು ಬೇರೆಯೇ ಪಾಡು. ಎರಡು ಜೊತೆ ರೆಕ್ಕೆ ಮುರಿದವು, ಬಾಲದ ಕೊಳವೆ ಸೊಟ್ಟಗಾಯಿತು. ಬಿಟ್ಟುಬಿಡೋಣ ಎಂದು ಎಷ್ಟೋ ಸಲ ಅನ್ನಿಸಿತು. ಆದರೆ ಬಿಟ್ಟರೆ, ತಮ್ಮನ್ನು ನೋಡುವುದಕ್ಕೇ ಬರುತ್ತಿದ್ದನೆಂಬುದು ಆ ಹೆಂಗಸರಿಗೆ ಖಾತ್ರಿಯಾಗುತ್ತದೆ ಎಂಬ ಹೆದರಿಕೆ. ಆಟ ಕಲಿಯಲಷ್ಟೇ ಬಂದವನು ಎಂದು ಅವರಲ್ಲಿ ಒಬ್ಬರಾದರೂ ನಂಬಲಿ ಎಂಬ ಆಸೆ, ಹಾರಿಸುವ ಆಸೆಗಿಂತ ದೊಡ್ಡದಾಗಿತ್ತು.

ಹತ್ತಿ ಬಿಡಿಸುವ ಕಾಲ ಬಂತು. ಒಂದು ಭಾನುವಾರ ಗಾಳಿ ಸ್ವಲ್ಪ ತಗ್ಗಿತ್ತು. ಹೆಲಿಕಾಪ್ಟರನ್ನು ಎದೆಯೆತ್ತರಕ್ಕೆ ಎಬ್ಬಿಸಿ ಮೆಲ್ಲಗೆ ತಿರುಗಿಸಿದೆ. ಮೂತಿ ನನ್ನ ಕಡೆ ಬಂತು. ವಾಲಲಿಲ್ಲ, ಜಾರಲಿಲ್ಲ. ನನ್ನನ್ನೇ ನೋಡುತ್ತ ಗಾಳಿಯಲ್ಲಿ ನಿಂತುಬಿಟ್ಟಿತು. ಯಾರಾದರೂ ನೋಡಿದರೋ ಎಂದು ಓರೆಗಣ್ಣಿನಲ್ಲಿ ದಾರಿಯ ಕಡೆ ನೋಡಿದೆ.

ಕೂಲಿಗೆ ಹೊರಟಿದ್ದ ಅದೇ ಹೆಂಗಸರು ಬುತ್ತಿ ಗಂಟು ಹೊತ್ತು ದಾರಿಯಲ್ಲಿ ನಿಂತಿದ್ದರು. ಎಲ್ಲರ ಬೆನ್ನೂ ನನ್ನ ಕಡೆಗಿತ್ತು. ಎಲ್ಲರೂ ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದರು. ಹಾಡಹಗಲಿನ ಬಿಸಿಲಿನಲ್ಲಿ, ಮೈತುಂಬ ಉಟ್ಟುಕೊಂಡವರು.

ಬ್ಯಾಟರಿಯಲ್ಲಿ ಇನ್ನೂ ಮೂರು ನಿಮಿಷ ಹಾರುವಷ್ಟು ಬಲವಿತ್ತು. ಇಳಿಸಿದೆ. ರೆಕ್ಕೆ ಪೂರ್ತಿ ನಿಲ್ಲುವವರೆಗೆ ಅವರು ಅಲುಗಲಿಲ್ಲ.

"ಇಳಿಸಿದೇನು?" ತಿರುಗದೆಯೇ ಮುದುಕಿ ಕೇಳಿದಳು.

"ಇಳಿಸೀನ್ರಿ ಯವ್ವಾ" ಎಂದೆ.

ಅವರು ಸೆರಗು ಸರಿಸಿಕೊಂಡು ಹೊಲದ ಕಡೆ ನಡೆದರು.